ಗುಂಡಿನ ನೆಲೆ: ಕೇಪಿನ ಕೋವಿಯ ತಿಳಿವಳಿಕೆ ಮತ್ತು ಪಿಸ್ತೂಲು ತೋಟಾದ ಒಳಕುಸಿತ

ಆಯುಧವನ್ನು ಬಳಸುವ ಸಮುದಾಯಗಳೆಲ್ಲವೂ ಅದರ ಜೊತೆಗೇ ಒಂದು ಎಚ್ಚರವನ್ನೂ ರೂಢಿಸಿಕೊಂಡು ಬಂದಿವೆ. ಕತ್ತಿಯನ್ನು ಕೊಡುವಾಗ ಹಿಡಿಯನ್ನು ಮುಂದೆ ಮಾಡಿ ಕೊಡಬೇಕು, ಆಯುಧವನ್ನು ಕಾಲಿನಿಂದ ದಾಟಬಾರದು, ಬರಿದಾದ ಕೋವಿಯನ್ನೂ ಮನುಷ್ಯನೆಡೆಗೆ ತಿರುಗಿಸಬಾರದು ಎಂಬಂಥ ವಿಧಿನಿಷೇಧಗಳು ಯಾವ ಗ್ರಂಥದಿಂದಲೂ ಬಂದವಲ್ಲ. ಅವು ಬಳಕೆಯಿಂದ, ಅಪಘಾತದಿಂದ, ಅಪಘಾತದ ನೆನಪಿನಿಂದ ಬಂದವು. ಜಾನಪದ ಅಧ್ಯಯನವು ಇಂತಹ ವಿಧಿನಿಷೇಧಗಳನ್ನು ಬಹುಕಾಲ ನಂಬಿಕೆ ಎಂಬ ಶೀರ್ಷಿಕೆಯಡಿ ಸಂಗ್ರಹಿಸಿತು. ಅವುಗಳೊಳಗಿನ ತಾಂತ್ರಿಕ ತಿಳಿವಳಿಕೆಯನ್ನು ಬಿಡಿಸಿ ನೋಡುವ ಕೆಲಸ ಅಷ್ಟಾಗಿ ನಡೆಯಲಿಲ್ಲ.

ಕೋವಿಯ ಸುರಕ್ಷತೆಗೆ ಸಂಬಂಧಿಸಿದ ಒಂದೇ ಒಂದು ಸಂಗತಿಯನ್ನು ಈ ಲೇಖನ ಪರಿಶೀಲಿಸುತ್ತದೆ. ಅದು ಗುಂಡಿನ ನೆಲೆ, ಅಂದರೆ ಮದ್ದಿಗೂ ಗುಂಡಿಗೂ ನಡುವೆ ಇರಬೇಕಾದ ಅಂತರ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಈ ಅಂತರ ಹೆಚ್ಚಾದರೆ ಅಪಾಯ. ಇಂದಿನ ಪಿಸ್ತೂಲಿನ ತೋಟಾದಲ್ಲಿ ಇದೇ ಅಂತರ ಕಡಿಮೆಯಾದರೆ ಅಪಾಯ. ಮೊದಲನೆಯದನ್ನು ಮಲೆನಾಡು ಮತ್ತು ಕೊಡಗಿನ ಕೋವಿ ಬಳಕೆದಾರರು ತಲೆಮಾರುಗಳಿಂದ ಬಲ್ಲರು. ಎರಡನೆಯದನ್ನು, ಅಂದರೆ ಗುಂಡು ತೋಟಾದೊಳಕ್ಕೆ ಕುಸಿಯುವುದನ್ನು, ಪಿಸ್ತೂಲು ಧರಿಸುವ ಅನೇಕರು ಇಂದಿಗೂ ಅರಿಯರು. ತಿಳಿದವರ ಕೈಯಲ್ಲಿ ಇದು ಒಂದು ಕ್ಷಣದ ಪರೀಕ್ಷೆಯಿಂದ ತಪ್ಪುವ ಅಪಾಯ. ತಿಳಿಯದವರ ಕೈಯಲ್ಲಿ ಬೆರಳು, ಕಣ್ಣು, ಕೆಲವೊಮ್ಮೆ ಪ್ರಾಣವನ್ನೇ ಪಣಕ್ಕೊಡ್ಡುವ ಅಪಾಯ.

ಪದಗಳ ಸಾಕ್ಷ್ಯ

ಕನ್ನಡದಲ್ಲಿ ಬಂದೂಕಿಗೆ ಸಂಬಂಧಿಸಿದ ಪದಗಳು ಆ ಆಯುಧದ ಚರಿತ್ರೆಯನ್ನೇ ಪದರ ಪದರವಾಗಿ ಕಾಪಿಟ್ಟುಕೊಂಡಿವೆ. ‘ತುಪಾಕಿ’ ತುರ್ಕಿ ಮೂಲದಿಂದ ಪಾರಸಿಯ ಮೂಲಕ ಬಂದದ್ದು. ‘ಬಂದೂಕು’ ಅರಬ್ಬಿ ಪಾರಸಿಗಳ ದಾರಿಯಲ್ಲಿ ಬಂದದ್ದು. ‘ತೋಟಾ’ ಹಿಂದೂಸ್ತಾನಿಯಿಂದ, ‘ಕೇಪು’ ಇಂಗ್ಲಿಷಿನಿಂದ ಬಂದವು. ನಳಿಗೆಯೊಳಗೆ ಮದ್ದನ್ನೂ ಗುಂಡನ್ನೂ ಜಡಿಯುವ ಸಲಾಕೆಗೆ ‘ಗಜ’ ಎಂಬ ಹೆಸರಿದೆ. ಇದು ಆನೆಯೆಂಬ ಅರ್ಥದ ಸಂಸ್ಕೃತ ಪದವಲ್ಲ, ಅಳತೆಗೋಲು ಎಂಬ ಅರ್ಥದ ಪಾರಸಿ ಪದ. ಕೊಡವ ಭಾಷೆಯಲ್ಲಿ ಕೋವಿಗೆ ‘ತೋಕ್’ ಎನ್ನುತ್ತಾರೆ.

ಈ ಪದಗಳ ನಡುವೆ ಅಚ್ಚಗನ್ನಡದವೂ ಇವೆ. ಮದ್ದು, ಗುಂಡು, ಈಡು ಇವು ಅಂತಹವು. ಒಂದು ಸಲ ಹೊಡೆಯಲು ಬೇಕಾದ ಮದ್ದುಗುಂಡಿನ ಪ್ರಮಾಣಕ್ಕೂ ಹೊಡೆತಕ್ಕೂ ‘ಈಡು’ ಎಂಬ ಒಂದೇ ಪದ ಸಲ್ಲುತ್ತದೆ. ಕೋವಿಯ ಹಿಂಭಾಗದಲ್ಲಿ ಕೇಪಿನ ಮೇಲೆ ಬಡಿಯುವ ಸುತ್ತಿಗೆಯಂತಹ ಭಾಗಕ್ಕೆ ‘ಕುದುರೆ’ ಎಂದು ಹೆಸರು. ಹೊರಗಿನಿಂದ ಬಂದ ಯಂತ್ರವನ್ನು ಜನ ತಮ್ಮ ನಿತ್ಯಜೀವನದ ಮಾತಿನೊಳಕ್ಕೆ ಹೇಗೆ ಎಳೆದುಕೊಂಡರು ಎಂಬುದಕ್ಕೆ ಇದು ಉತ್ತಮ ನಿದರ್ಶನ. ಅಳತೆಗೋಲಿನ ಹೆಸರೇ ಸಲಾಕೆಗೆ ನಿಂತದ್ದು ಕೂಡ ಇಲ್ಲಿ ಗಮನಾರ್ಹ. ಏಕೆಂದರೆ ಕೇಪಿನ ಕೋವಿಯ ಸುರಕ್ಷತೆಯೆಲ್ಲವೂ ಆ ಸಲಾಕೆಯಿಂದ ತೆಗೆಯುವ ಅಳತೆಯ ಮೇಲೆಯೇ ನಿಂತಿದೆ.

ಗಜದ ಅಳತೆ

ಕೇಪಿನ ಕೋವಿಯನ್ನು ತುಂಬುವ ಕ್ರಮ ಹೀಗಿದೆ: ಮೊದಲು ನಳಿಗೆಯ ಬಾಯಿಯಿಂದ ಕರಿಮದ್ದನ್ನು ಸುರಿಯುತ್ತಾರೆ. ಅದರ ಮೇಲೆ ನಾರು ಅಥವಾ ಕಾಗದದ ಒತ್ತನ್ನು ಇಟ್ಟು ಗಜದಿಂದ ಜಡಿಯುತ್ತಾರೆ. ಆಮೇಲೆ ಗುಂಡು ಅಥವಾ ಚರೆಗಳನ್ನು ಹಾಕಿ, ಅವು ಜಾರದಂತೆ ಮತ್ತೊಂದು ಒತ್ತನ್ನು ಕೊಟ್ಟು ಪುನಃ ಜಡಿಯುತ್ತಾರೆ. ಕೊನೆಯಲ್ಲಿ, ಹೊಡೆಯುವ ಸಮಯ ಬಂದಾಗ ಮಾತ್ರ, ಹಿಂಭಾಗದ ಮೊಳೆಗೆ ಕೇಪು ತೊಡಿಸುತ್ತಾರೆ.

ಈ ಕ್ರಮದಲ್ಲಿ ನಿರ್ಣಾಯಕವಾದದ್ದು ಗಜದ ಕೆಲಸ. ಗುಂಡು ಮದ್ದಿನ ಮೇಲೆ ಬಿಗಿಯಾಗಿ ಕೂರಬೇಕು. ಅರ್ಧದಾರಿಯಲ್ಲಿ ಸಿಕ್ಕಿಕೊಂಡು ಗುಂಡು ಮತ್ತು ಮದ್ದಿನ ನಡುವೆ ಬರಿಯ ಗಾಳಿ ಉಳಿದರೆ, ಹೊತ್ತಿದ ಮದ್ದಿನ ಅನಿಲಕ್ಕೆ ಆ ಗುಂಡು ನಳಿಗೆಯಲ್ಲಿ ತುರುಕಿದ ಬೆಣೆಯಂತೆ ಅಡ್ಡ ನಿಲ್ಲುತ್ತದೆ. ಒತ್ತಡ ಆ ಜಾಗದಲ್ಲಿ ಒಮ್ಮೆಲೇ ಏರಿ ನಳಿಗೆ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. ಎಡಗೈ ನಳಿಗೆಯನ್ನು ಹಿಡಿದಿರುವುದು ಆ ಜಾಗದ ಬಳಿಯಲ್ಲೇ ಆದ್ದರಿಂದ ಮೊದಲ ಪೆಟ್ಟು ಬೀಳುವುದು ಕೈಗೆ.

ಈ ಅಪಾಯಕ್ಕೆ ಜನ ಕಂಡುಕೊಂಡ ಉಪಾಯ ಸರಳವಾದದ್ದು. ಬರಿಯ ನಳಿಗೆಯೊಳಗೆ ಗಜವನ್ನು ಇಳಿಸಿದಾಗ ಅದು ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಒಂದು ಗುರುತು. ಸರಿಯಾಗಿ ತುಂಬಿದ ಮೇಲೆ ಅದು ನಳಿಗೆಯ ಬಾಯಿಯಿಂದ ಎಷ್ಟು ಬೆರಳು ಮೇಲೆ ನಿಲ್ಲುತ್ತದೆ ಎಂಬುದು ಇನ್ನೊಂದು ಗುರುತು. ಎರಡು ಗುರುತುಗಳ ನಡುವಿನ ಬೆರಳುಗಳ ಸಂಖ್ಯೆಯೇ ಈಡಿನ ಪ್ರಮಾಣ. ಅದಕ್ಕಿಂತ ಹೆಚ್ಚು ಬೆರಳು ಕಂಡರೆ ಮದ್ದು ಹೆಚ್ಚಾಗಿರಬೇಕು, ಒಂದರ ಮೇಲೊಂದು ಎರಡು ಈಡು ಬಿದ್ದಿರಬೇಕು, ಇಲ್ಲವೇ ಗುಂಡು ನಡುವೆ ಸಿಕ್ಕಿರಬೇಕು. ಈ ಮೂರರಲ್ಲಿ ಯಾವುದಾದರೂ ಹೊಡೆಯತಕ್ಕ ಸ್ಥಿತಿಯಲ್ಲ. ಜಡಿದ ಗಜ ಮೆಲ್ಲಗೆ ಮೇಲಕ್ಕೆ ಪುಟಿದರೆ ಗುಂಡು ನೆಲೆಗೆ ಕೂತಿದೆ ಎಂಬುದು ಮತ್ತೊಂದು ಸೂಚನೆ. ಕಣ್ಣಿಗೆ ಕಾಣದ ನಳಿಗೆಯ ಒಳಗನ್ನು ಕಣ್ಣಿಗೆ ಕಾಣುವ ಅಳತೆಯಾಗಿ ಪರಿವರ್ತಿಸಿದ ಈ ಕ್ರಮ ದೇಶೀ ತಂತ್ರಜ್ಞಾನದ ಒಂದು ಸಾಧನೆಯೆಂದೇ ಹೇಳಬೇಕು.

ಆಚರಣೆಯೊಳಗಿನ ತಪಾಸಣೆ

ಕರ್ನಾಟಕದಲ್ಲಿ ಕೋವಿಯು ಬದುಕಿನ ಆವರ್ತನಗಳೊಡನೆ ಅತ್ಯಂತ ಗಾಢವಾಗಿ ಬೆರೆತಿರುವುದು ಕೊಡಗಿನಲ್ಲಿ. ಗಂಡುಮಗು ಹುಟ್ಟಿದಾಗ ಒಂದು ಈಡು, ಸಾವು ಸಂಭವಿಸಿದಾಗ ಎರಡು ಈಡು ಹೊಡೆಯುವುದು ಅಲ್ಲಿನ ಸಂಪ್ರದಾಯ. ಬೆಟ್ಟದ ಒಂದು ಬದಿಯಿಂದ ಇನ್ನೊಂದು ಬದಿಗೆ ಸುದ್ದಿ ಮುಟ್ಟಿಸುವ ಈ ಸದ್ದು ಒಂದು ಬಗೆಯ ಭಾಷೆಯೂ ಹೌದು. ಪುತ್ತರಿಯಲ್ಲಿ ಕದಿರು ತೆಗೆಯುವಾಗಲೂ ಕೋವಿಯ ಸದ್ದು ಕೇಳಿಬರುತ್ತದೆ. ಕೊಡವರ ಹಾಡು, ಆಚಾರಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ‘ಪಟ್ಟೋಲೆ ಪಳಮೆ’ ಎಂಬ ಸಂಗ್ರಹವಾಗಿ 1924ರಲ್ಲಿ ಪ್ರಕಟಿಸಿದರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳ ಅವಧಿಗೆ, ಅಂದರೆ 2029ರವರೆಗೆ, ವಿಸ್ತರಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಈ ವಿನಾಯಿತಿಯನ್ನು ಎತ್ತಿಹಿಡಿಯಿತು.

ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬ ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಗದ್ದೆಯ ನಾಟಿ ಕೆಲಸ ಮುಗಿದ ಮೇಲೆ ಬರುವ ಈ ಹಬ್ಬದಂದು, ಮಳೆಗಾಲವಿಡೀ ಮನೆಯೊಳಗೆ ಇರಿಸಿದ್ದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಹೊರತೆಗೆದು, ತೊಳೆದು ಒರೆಸಿ, ಅಗ್ನಿಶಿಖೆಯ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಈ ಹೂವಿಗೆ ಕೊಡವ ಭಾಷೆಯಲ್ಲಿ ಕೋವಿಯ ಹೆಸರೇ ಸೇರಿ ‘ತೋಕ್ ಪೂ’ ಎಂದಾಗಿದೆ. ಪೂಜೆಯ ಬಳಿಕ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಯುತ್ತದೆ.

ಈ ಕ್ರಮವನ್ನು ಕೇವಲ ಆಯುಧಾರಾಧನೆಯೆಂದು ಕರೆದರೆ ಅದರ ಅರ್ಧ ಅರ್ಥ ಮಾತ್ರ ದಕ್ಕುತ್ತದೆ. ತಿಂಗಳುಗಟ್ಟಲೆ ತೇವದಲ್ಲಿದ್ದ ಕೋವಿಯನ್ನು ಹಿರಿಯರ ಎದುರಿನಲ್ಲಿ, ಹಗಲು ಬೆಳಕಿನಲ್ಲಿ, ಬಿಚ್ಚಿ ನೋಡುವುದು ಇಲ್ಲಿ ಕಡ್ಡಾಯ. ತುಕ್ಕು, ಬಿರುಕು, ನಳಿಗೆಯಲ್ಲಿ ಗೂಡು ಕಟ್ಟಿದ ಕೀಟ, ಹಿಂದಿನ ವರ್ಷ ತುಂಬಿ ಮರೆತ ಈಡು ಇವೆಲ್ಲ ಪತ್ತೆಯಾಗಬೇಕಾದ್ದು ಆಗಲೇ. ಮಹಾನವಮಿಯ ಆಯುಧಪೂಜೆಯಂದು ನಾಡಿನ ಪೊಲೀಸ್ ಠಾಣೆಗಳಲ್ಲಿ ಬಂದೂಕುಗಳನ್ನು ಶುಚಿಗೊಳಿಸಿ ಪೂಜೆಗಿಡುವ ರೂಢಿಯಲ್ಲಿಯೂ ಇದೇ ಅಂಶ ಅಡಗಿದೆ. ಆಚರಣೆಯು ತಪಾಸಣೆಗೆ ದಿನಾಂಕವನ್ನು ಗೊತ್ತುಮಾಡುತ್ತದೆ. ಮರೆಯಬಹುದಾದ ಕೆಲಸವನ್ನು ಮರೆಯಲಾಗದಂತೆ ಮಾಡುತ್ತದೆ.

ತೋಟಾದ ರಚನೆ

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಲೋಹದ ತೋಟಾ ಬಳಕೆಗೆ ಬಂದಾಗ ಗಜದ ಕೆಲಸ ಕೋವಿಯವನ ಕೈಯಿಂದ ಕಾರ್ಖಾನೆಗೆ ವರ್ಗವಾಯಿತು. ಕೇಪು, ಮದ್ದು, ಗುಂಡು ಮೂರನ್ನೂ ಹಿತ್ತಾಳೆಯ ಒಂದು ಕವಚದಲ್ಲಿ ಒಟ್ಟುಗೂಡಿಸಿ ಗುಂಡಿನ ನೆಲೆಯನ್ನು ಯಂತ್ರವೇ ನಿಗದಿಪಡಿಸತೊಡಗಿತು. ಕರಿಮದ್ದಿನ ಬದಲು ಹೊಗೆಯಿಲ್ಲದ ಮದ್ದು ಬಂದ ಮೇಲೆ ಕಡಿಮೆ ಜಾಗದಲ್ಲಿ ಹೆಚ್ಚು ಶಕ್ತಿಯನ್ನು ಅಡಕಗೊಳಿಸುವುದು ಸಾಧ್ಯವಾಯಿತು. ಸ್ವಯಂಚಾಲಿತ ಪಿಸ್ತೂಲಿನ ಚಿಕ್ಕ ತೋಟಾಗಳು ಹುಟ್ಟಿದ್ದು ಈ ಹಿನ್ನೆಲೆಯಲ್ಲಿ.

ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ 9 ಮಿಲಿಮೀಟರ್ ಪಿಸ್ತೂಲು ತೋಟಾವನ್ನು ಜರ್ಮನಿಯಲ್ಲಿ ಗಿಯಾರ್ಗ್ ಲೂಗರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದನು. ಭಾರತದ ಸೇನೆ ಮತ್ತು ಪೊಲೀಸ್ ಪಡೆಗಳು ಬಹುಕಾಲದಿಂದ ಬಳಸುತ್ತಿರುವ, ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾದ 9 ಮಿಲಿಮೀಟರ್ ಪಿಸ್ತೂಲಿಗೂ ಇದೇ ತೋಟಾ. ಇದರ ಕವಚದ ಉದ್ದ ಸುಮಾರು 19 ಮಿಲಿಮೀಟರ್. ಗುಂಡು ಸೇರಿ ಇಡೀ ತೋಟಾದ ಗರಿಷ್ಠ ಉದ್ದ 29.69 ಮಿಲಿಮೀಟರ್. ಕವಚದೊಳಗೆ ಗುಂಡಿನ ಬುಡದ ಕೆಳಗೆ ಮದ್ದಿಗೆ ದೊರೆಯುವ ಜಾಗ ಅತ್ಯಲ್ಪ.

ಗುಂಡನ್ನು ಅದರ ನೆಲೆಯಲ್ಲಿ ಹಿಡಿದಿಡುವುದು ಮುಖ್ಯವಾಗಿ ಕವಚದ ಬಾಯಿಯ ಬಿಗಿತ. ರಿವಾಲ್ವರಿನ ತೋಟಾಗಳಲ್ಲಿ ಕವಚದ ಬಾಯಿಯನ್ನು ಗುಂಡಿನ ಸುತ್ತಲಿನ ಗೀರಿನೊಳಕ್ಕೆ ಮಡಚಿ ಭದ್ರಪಡಿಸಬಹುದು. 9 ಮಿಲಿಮೀಟರಿನಂತಹ ಪಿಸ್ತೂಲು ತೋಟಾಗಳಲ್ಲಿ ಹಾಗೆ ಮಾಡಲು ಬರುವುದಿಲ್ಲ. ಈ ತೋಟಾ ಚೇಂಬರಿನೊಳಗೆ ಎಲ್ಲಿ ನಿಲ್ಲಬೇಕೆಂಬುದನ್ನು ನಿರ್ಧರಿಸುವುದೇ ಕವಚದ ಬಾಯಿಯ ಅಂಚು. ಅದನ್ನು ಪೂರ್ತಿಯಾಗಿ ಮಡಚಿದರೆ ತೋಟಾ ನಿಲ್ಲಬೇಕಾದ ಜಾಗವನ್ನು ದಾಟಿ ಮುಂದೆ ಹೋಗುತ್ತದೆ. ಆದ್ದರಿಂದ ಬಾಯಿಯನ್ನು ಸ್ವಲ್ಪ ಮಾತ್ರ ಕಿರಿದುಗೊಳಿಸಿರುತ್ತಾರೆ. ಒಳಕುಸಿತದ ಸಮಸ್ಯೆಗೆ ಮೂಲ ಕಾರಣ ರಚನೆಯ ಈ ಮಿತಿಯೇ.

ಒಳಕುಸಿತ ಸಂಭವಿಸುವ ಬಗೆ

ಸ್ವಯಂಚಾಲಿತ ಪಿಸ್ತೂಲಿನಲ್ಲಿ ತೋಟಾಗಳು ಹಿಡಿಯೊಳಗಿನ ಮ್ಯಾಗಜೀನಿನಲ್ಲಿ ಒಂದರ ಮೇಲೊಂದರಂತೆ ಕೂತಿರುತ್ತವೆ. ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟಾಗ ಬಲವಾದ ಸ್ಪ್ರಿಂಗ್ ಅದನ್ನು ಮುಂದಕ್ಕೆ ತಳ್ಳುತ್ತದೆ. ಮುಂದಕ್ಕೆ ಧಾವಿಸುವ ಸ್ಲೈಡ್ ಮೇಲಿನ ತೋಟಾವನ್ನು ಮ್ಯಾಗಜೀನಿನಿಂದ ಬಿಡಿಸಿ ಚೇಂಬರಿನತ್ತ ನೂಕುತ್ತದೆ. ತೋಟಾ ನೇರವಾಗಿ ಚೇಂಬರನ್ನು ಹೊಗುವುದಿಲ್ಲ. ಅದರ ಮೂತಿ ಮೊದಲು ಚೇಂಬರಿನ ಮುಂದಿರುವ ಉಕ್ಕಿನ ಇಳಿಜಾರಿಗೆ ಬಡಿದು, ಅಲ್ಲಿಂದ ಮೇಲಕ್ಕೆ ಜಾರಿ ಒಳಸೇರುತ್ತದೆ. ಹಿಂದಿನಿಂದ ಸ್ಲೈಡಿನ ನೂಕು, ಮುಂದಿನಿಂದ ಇಳಿಜಾರಿನ ತಡೆ. ಈ ಎರಡರ ನಡುವೆ ಸಿಕ್ಕ ಗುಂಡು ತನ್ನ ಕವಚದೊಳಕ್ಕೆ ಕೂದಲೆಳೆಯಷ್ಟು ಜರುಗಬಹುದು.

ಹೊಸ ತೋಟಾ ಒಂದು ಸಲ ಇಂತಹ ಪೆಟ್ಟನ್ನು ತಿನ್ನುವುದರಿಂದ ಸಾಮಾನ್ಯವಾಗಿ ಏನೂ ಆಗದು. ತೊಂದರೆ ಇರುವುದು ಒಂದೇ ತೋಟಾವನ್ನು ಮತ್ತೆ ಮತ್ತೆ ಚೇಂಬರಿಗೆ ಕಳಿಸುವಲ್ಲಿ. ಬೆಳಿಗ್ಗೆ ಕರ್ತವ್ಯಕ್ಕೆ ಹೋಗುವಾಗ ಪಿಸ್ತೂಲಿಗೆ ತೋಟಾ ಏರಿಸುವುದು, ಸಂಜೆ ಶಸ್ತ್ರಾಗಾರಕ್ಕೆ ಒಪ್ಪಿಸುವ ಮುನ್ನ ಅದನ್ನು ಇಳಿಸುವುದು, ಇಳಿಸಿದ ತೋಟಾವನ್ನೇ ಮ್ಯಾಗಜೀನಿನ ಮೇಲ್ತುದಿಗೆ ಸೇರಿಸಿ ಮರುದಿನ ಅದನ್ನೇ ಪುನಃ ಏರಿಸುವುದು, ಇದು ಎಲ್ಲೆಡೆ ಕಾಣುವ ದಿನಚರಿ. ಹೀಗೆ ಮಾಡಿದಾಗ ಮ್ಯಾಗಜೀನಿನ ತಳದ ತೋಟಾಗಳು ಅಲುಗದೆ ಉಳಿಯುತ್ತವೆ. ಮೇಲಿನ ಒಂದು ತೋಟಾ ಮಾತ್ರ ದಿನವೂ ಪೆಟ್ಟು ತಿನ್ನುತ್ತದೆ. ಪ್ರತಿ ಪೆಟ್ಟಿಗೂ ಗುಂಡು ಇನ್ನಷ್ಟು ಒಳಕ್ಕೆ ಇಳಿಯುತ್ತದೆ, ಕವಚದ ಬಾಯಿಯ ಬಿಗಿತ ಇನ್ನಷ್ಟು ಸಡಿಲಗೊಳ್ಳುತ್ತದೆ. ಬಿಗಿತ ಸಡಿಲಗೊಂಡಷ್ಟೂ ಮುಂದಿನ ಪೆಟ್ಟಿಗೆ ಗುಂಡು ಹೆಚ್ಚು ಜರುಗುತ್ತದೆ. ಕಾರ್ಖಾನೆಯ ತೋಟಾಗಳಿಗಿಂತ, ಒಮ್ಮೆ ಬಳಸಿದ ಕವಚಕ್ಕೆ ಪುನಃ ಮದ್ದುಗುಂಡು ತುಂಬಿದ ತೋಟಾಗಳಲ್ಲಿ ಈ ಸಾಧ್ಯತೆ ಅಧಿಕ.

ರಿವಾಲ್ವರಿನಲ್ಲಿ ಇದಕ್ಕೆ ವ್ಯತಿರಿಕ್ತವಾದುದು ಸಂಭವಿಸುತ್ತದೆ. ಒಂದು ತೋಟಾ ಹಾರಿದಾಗ ಆಗುವ ಹಿಮ್ಮೊಗದ ಒದೆತಕ್ಕೆ ಉರುಳೆಯಲ್ಲಿ ಉಳಿದ ತೋಟಾಗಳ ಕವಚ ಹಿಂದೆ ಸರಿದು, ಗುಂಡು ಮುಂದಕ್ಕೆ ಹೊರಚಾಚಬಹುದು. ಚಾಚಿದ ಗುಂಡು ಚೌಕಟ್ಟಿಗೆ ತಗುಲಿ ಉರುಳೆ ತಿರುಗದಂತಾಗುತ್ತದೆ. ಒಂದು ಆಯುಧದಲ್ಲಿ ಗುಂಡು ಒಳಕ್ಕೆ, ಇನ್ನೊಂದರಲ್ಲಿ ಹೊರಕ್ಕೆ. ಎರಡರಲ್ಲಿಯೂ ತಪ್ಪಿದ್ದು ಗುಂಡಿನ ನೆಲೆಯೇ.

ಒತ್ತಡದ ಲೆಕ್ಕ

ಒಂದು ಮಿಲಿಮೀಟರಿಗೂ ಕಡಿಮೆಯಾದ ಚಲನೆಯಿಂದ ಆಗುವ ಅನಾಹುತವೇನು ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಹೊಗೆಯಿಲ್ಲದ ಮದ್ದಿನ ಸ್ವಭಾವದಲ್ಲಿದೆ. ಈ ಮದ್ದು ಉರಿಯುವ ವೇಗ ಅದರ ಸುತ್ತಲಿನ ಒತ್ತಡವನ್ನು ಅವಲಂಬಿಸಿದೆ. ಒತ್ತಡ ಏರಿದರೆ ಉರಿ ಬಿರುಸಾಗುತ್ತದೆ. ಉರಿ ಬಿರುಸಾದರೆ ಅನಿಲ ಬೇಗ ಹುಟ್ಟಿ ಒತ್ತಡ ಮತ್ತಷ್ಟು ಏರುತ್ತದೆ. ಗುಂಡು ಒಳಕ್ಕೆ ಕುಸಿದಾಗ ಮದ್ದಿನ ಜಾಗ ಕುಗ್ಗಿರುತ್ತದೆ. ಆದ್ದರಿಂದ ಉರಿ ಆರಂಭವಾದ ಗಳಿಗೆಯಲ್ಲಿಯೇ ಒತ್ತಡ ಮಿತಿಮೀರಿ, ಗುಂಡು ಜಾಗ ಬಿಟ್ಟು ಮುಂದೆ ಸಾಗುವುದರೊಳಗೆ ಈ ಸರಪಳಿ ಬೆಳೆದುಬಿಡುತ್ತದೆ. ಹೀಗಾಗಿ ಜಾಗ ಕುಗ್ಗಿದ ಪ್ರಮಾಣಕ್ಕಿಂತ ಒತ್ತಡ ಹೆಚ್ಚುವ ಪ್ರಮಾಣ ಎಷ್ಟೋ ದೊಡ್ಡದು.

ಅಮೆರಿಕದ ತಯಾರಕರ ಸಂಘಟನೆಯ ಮಾನದಂಡದಂತೆ 9 ಮಿಲಿಮೀಟರ್ ತೋಟಾದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 35,000 ಪೌಂಡು. ಇದು ವಾತಾವರಣದ ಒತ್ತಡದ ಸುಮಾರು 2,380 ಪಟ್ಟು. 1990ರಲ್ಲಿ ಬಳಕೆಗೆ ಬಂದ .40 ಅಳತೆಯ ತೋಟಾದ ಮಿತಿಯೂ ಅಷ್ಟೇ. ಅವುಗಳಿಗಿಂತ ಹಳೆಯದಾದ .45 ಅಳತೆಯ ದೊಡ್ಡ ತೋಟಾದ ಮಿತಿ 21,000 ಪೌಂಡು ಮಾತ್ರ. ಚಿಕ್ಕ ಕವಚದಲ್ಲಿ ಹೆಚ್ಚು ಒತ್ತಡವನ್ನು ದುಡಿಸುವ ತೋಟಾಗಳಲ್ಲಿ ಒಳಕುಸಿತದ ಅಪಾಯ ಹೆಚ್ಚು, ದೊಡ್ಡ ಕವಚದ ಕಡಿಮೆ ಒತ್ತಡದ ತೋಟಾಗಳಲ್ಲಿ ಕಡಿಮೆ ಎಂಬುದು ಇದರಿಂದ ಸ್ಪಷ್ಟ.

ಅಮೆರಿಕದ ಸ್ಪೀರ್ ಸಂಸ್ಥೆಯ ಕೈಪಿಡಿಯಲ್ಲಿ ದಾಖಲಾಗಿರುವ ಒಂದು ಪರೀಕ್ಷೆ ಈ ವಿಷಯದ ಚರ್ಚೆಯಲ್ಲಿ ಪದೇ ಪದೇ ಉಲ್ಲೇಖಗೊಳ್ಳುತ್ತದೆ. 9 ಮಿಲಿಮೀಟರ್ ತೋಟಾದಲ್ಲಿ ಗುಂಡನ್ನು ಉದ್ದೇಶಪೂರ್ವಕವಾಗಿ ಅಂಗುಲದ ಸಾವಿರ ಭಾಗಗಳಲ್ಲಿ ಮೂವತ್ತು ಭಾಗದಷ್ಟು, ಅಂದರೆ ಸುಮಾರು ಮುಕ್ಕಾಲು ಮಿಲಿಮೀಟರಿನಷ್ಟು, ಹೆಚ್ಚು ಆಳಕ್ಕೆ ಕೂರಿಸಿದಾಗ 28,000 ಮಾನದಷ್ಟಿದ್ದ ಒತ್ತಡ 62,000ಕ್ಕೆ ಏರಿತು. ತಾಮ್ರದ ತುಣುಕೊಂದು ಎಷ್ಟು ಜಜ್ಜಿಹೋಗುತ್ತದೆ ಎಂಬುದರಿಂದ ಅಳೆಯುವ ಹಳೆಯ ಪದ್ಧತಿಯ ಮಾನವಿದು. ಮಾನ ಯಾವುದೇ ಇರಲಿ, ಏರಿಕೆ ಎರಡು ಪಟ್ಟಿಗೂ ಮಿಗಿಲು. ಎಲ್ಲ ತೋಟಾಗಳಲ್ಲಿ, ಎಲ್ಲ ಮದ್ದಿನಲ್ಲಿ ಏರಿಕೆ ಇಷ್ಟೇ ಇರುತ್ತದೆಂದು ಹೇಳಲಾಗದು. ಆದರೆ ಬರಿಗಣ್ಣಿಗೆ ಕಷ್ಟದಿಂದ ಕಾಣುವ ವ್ಯತ್ಯಾಸ ಆಯುಧದ ಭದ್ರತೆಯ ಮಿತಿಯನ್ನು ದಾಟಿಸಬಲ್ಲದು ಎಂಬುದಕ್ಕೆ ಈ ಒಂದು ಉದಾಹರಣೆ ಸಾಕು.

ಅಪಾಯದ ಸ್ವರೂಪ

ಒತ್ತಡ ಮಿತಿಮೀರಿದಾಗ ಮೊದಲು ಸೋಲುವುದು ಹಿತ್ತಾಳೆಯ ಕವಚ. ಅನೇಕ ಪಿಸ್ತೂಲುಗಳಲ್ಲಿ ತೋಟಾ ಜಾರಿ ಬರುವ ಇಳಿಜಾರಿನ ಮೇಲ್ಭಾಗದಲ್ಲಿ ಕವಚದ ಬುಡದ ಸ್ವಲ್ಪ ಭಾಗಕ್ಕೆ ಉಕ್ಕಿನ ಆಸರೆ ಇರುವುದಿಲ್ಲ. ಕವಚ ಅಲ್ಲಿ ಉಬ್ಬಿ ಒಡೆದರೆ ಕುದಿಯುವ ಅನಿಲ ಮ್ಯಾಗಜೀನಿನ ಪೊಳ್ಳಿನ ಮೂಲಕ ಕೆಳಕ್ಕೆ ನುಗ್ಗುತ್ತದೆ. ಮ್ಯಾಗಜೀನ್ ಹೊರಗೆ ಚಿಮ್ಮುವುದು, ಹಿಡಿಯ ಹಲಗೆಗಳು ಸೀಳುವುದು, ಸಣ್ಣ ಲೋಹದ ಭಾಗಗಳು ಸಿಡಿಯುವುದು ಇದರ ಪರಿಣಾಮ. ಒತ್ತಡ ಇನ್ನೂ ಮೇಲಿದ್ದರೆ ಚೇಂಬರೇ ಬಿರಿಯಬಹುದು. ಹಿಡಿದ ಕೈಗೆ ಸುಟ್ಟಗಾಯ, ಸೀಳುಗಾಯಗಳಾಗುತ್ತವೆ. ಕನ್ನಡಕವಿಲ್ಲದ ಕಣ್ಣಿಗೆ ಲೋಹದ ಚೂರು ತಗುಲಬಹುದು. ಪಕ್ಕದಲ್ಲಿ ನಿಂತವರೂ ಸುರಕ್ಷಿತರಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಅಪಾಯವೂ ಉಂಟು. ಪದೇ ಪದೇ ಚೇಂಬರಿಗೇರಿ ಇಳಿದ ತೋಟಾದಲ್ಲಿ ಕೇಪಿನೊಳಗಿನ ಸ್ಫೋಟಕ ಲೇಪ ಬಿರುಕುಬಿಟ್ಟು ಉದುರಬಹುದು. ಆಗ ಕುದುರೆ ಬಡಿದರೂ ತೋಟಾ ಹೊತ್ತುವುದಿಲ್ಲ. ಪ್ರಾಣಾಪಾಯದ ಸಂದರ್ಭದಲ್ಲಿ ಅಧಿಕಾರಿಯೊಬ್ಬನ ಪಿಸ್ತೂಲು ಈ ಕಾರಣದಿಂದ ಹಾರದೆ ಉಳಿದ ಬಳಿಕ, ಅಮೆರಿಕದ ಪೊಲೀಸ್ ಇಲಾಖೆಯೊಂದು 2011ರಲ್ಲಿ ತನ್ನ ಸಿಬ್ಬಂದಿಗೆ ಈ ಕುರಿತು ತರಬೇತಿ ಸೂಚನೆಯನ್ನೇ ಹೊರಡಿಸಿತು. ಒಂದೇ ತಪ್ಪು ದಿನಚರಿ ಒಮ್ಮೆ ಆಯುಧವನ್ನು ಒಡೆಯುತ್ತದೆ, ಇನ್ನೊಮ್ಮೆ ಮೂಕವಾಗಿಸುತ್ತದೆ.

ಭಾರತದ ಸಂದರ್ಭದಲ್ಲಿ ಈ ಅಪಾಯಕ್ಕೆ ಪುಷ್ಟಿ ಕೊಡುವ ಒಂದು ಸ್ಥಿತಿಯಿದೆ. ಪರವಾನಗಿದಾರನಿಗೆ ದೊರೆಯುವ ತೋಟಾಗಳ ಸಂಖ್ಯೆಗೆ ಪರವಾನಗಿಯಲ್ಲಿಯೇ ಮಿತಿ ಇರುತ್ತದೆ. ತೋಟಾದ ಬೆಲೆಯೂ ಹೆಚ್ಚು. ಹೀಗಾಗಿ ಕೊಂಡ ತೋಟಾಗಳನ್ನು ಹಾರಿಸದೆ ವರ್ಷಗಟ್ಟಲೆ ಕಾಪಾಡಿಕೊಳ್ಳುವುದು ರೂಢಿ. ಅಭ್ಯಾಸಕ್ಕೆ ಹಾರಿಸಿ ತೋಟಾ ಬದಲಾಯಿಸುವ ಅನುಕೂಲ ಇಲ್ಲದಲ್ಲಿ ಅದೇ ನಾಲ್ಕಾರು ತೋಟಾಗಳು ಸಾವಿರ ಸಲ ಏರಿ ಇಳಿಯುತ್ತವೆ. ಮಿತವ್ಯಯವೆಂಬ ಒಳ್ಳೆಯ ಗುಣವೇ ಇಲ್ಲಿ ಅಪಾಯವನ್ನು ಸಾಕುತ್ತದೆ.

ಪತ್ತೆ ಮತ್ತು ತಡೆ

ಒಳಕುಸಿತವನ್ನು ಪತ್ತೆಹಚ್ಚಲು ದುಬಾರಿ ಉಪಕರಣ ಬೇಕಿಲ್ಲ. ಚೇಂಬರಿನಿಂದ ತೆಗೆದ ತೋಟಾವನ್ನು ಅದೇ ಪೆಟ್ಟಿಗೆಯ, ಎಂದೂ ಚೇಂಬರಿಗೇರದ ಹೊಸ ತೋಟಾದ ಪಕ್ಕದಲ್ಲಿ ಸಮತಟ್ಟಾದ ಮೇಜಿನ ಮೇಲೆ ನಿಲ್ಲಿಸಬೇಕು. ಎರಡರ ತುದಿಗಳು ಸಮನಾಗಿದ್ದರೆ ಸರಿ. ಒಂದು ಗಿಡ್ಡವಾಗಿ ಕಂಡರೆ ಅದು ಒಳಕುಸಿದ ತೋಟಾ. ಶಸ್ತ್ರಾಗಾರಗಳಲ್ಲಿ ವರ್ನಿಯರ್ ಮಾಪಕದಿಂದ ಉದ್ದವನ್ನು ಅಳೆದು ಬರೆದಿಡುವುದು ಇನ್ನೂ ಖಚಿತವಾದ ಕ್ರಮ.

ಹಾಗೆ ಗಿಡ್ಡವಾದ ತೋಟಾವನ್ನು ಹಾರಿಸಬಾರದು. ಗುಂಡನ್ನು ಇಕ್ಕಳದಿಂದ ಹಿಡಿದು ಹೊರಗೆಳೆದು ಸರಿಪಡಿಸಲೂ ಬಾರದು. ಸಡಿಲಗೊಂಡ ಕವಚದ ಬಾಯಿ ಪುನಃ ಬಿಗಿಯಾಗದು, ಮುಂದಿನ ಪೆಟ್ಟಿಗೆ ಗುಂಡು ಮತ್ತೆ ಕುಸಿಯುತ್ತದೆ. ಅಂತಹ ತೋಟಾವನ್ನು ಬೇರೆಯಾಗಿರಿಸಿ ಶಸ್ತ್ರಾಗಾರದ ಹೊಣೆಗಾರರಿಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸುವುದು ಯೋಗ್ಯ.

ತಡೆಯುವ ಉಪಾಯಗಳೂ ಸರಳ. ಅನಗತ್ಯವಾಗಿ ತೋಟಾವನ್ನು ಏರಿಸಿ ಇಳಿಸುವುದನ್ನು ಕಡಿಮೆ ಮಾಡುವುದು ಮೊದಲನೆಯದು. ಇಳಿಸಿದ ತೋಟಾವನ್ನು ಮ್ಯಾಗಜೀನಿನ ಮೇಲ್ತುದಿಗೆ ಹಾಕದೆ, ಉಳಿದವನ್ನು ಹೊರತೆಗೆದು ಅದನ್ನು ತಳಕ್ಕೆ ಸೇರಿಸಿ ಸರದಿಯನ್ನು ಬದಲಿಸುವುದು ಎರಡನೆಯದು. ಚೇಂಬರಿಗೇರಿದ ಪ್ರತಿ ಸಲವೂ ತೋಟಾದ ಬುಡದಲ್ಲಿ ಶಾಯಿಯಿಂದ ಗೀಟೆಳೆದು, ಗೀಟುಗಳು ಗೊತ್ತಾದ ಸಂಖ್ಯೆಗೆ ತಲುಪಿದಾಗ ಆ ತೋಟಾವನ್ನು ಬಳಕೆಯಿಂದ ತೆಗೆಯುವುದು ಮೂರನೆಯದು. ತೋಟಾ ಇಳಿಸುವಾಗ ಅದು ಹೊರಬೀಳುವ ಕಿಂಡಿಗೆ ಅಂಗೈ ಮುಚ್ಚಿ ಹಿಡಿಯಕೂಡದು. ಜಾರಿದ ತೋಟಾದ ಕೇಪಿಗೆ ಒಳಗಿನ ಲೋಹದ ಮೊನೆ ತಾಗಿ ಅದು ಕೈಯಲ್ಲೇ ಸಿಡಿಯುವ ಸಂಭವವಿದೆ.

ಸೂತ್ರ ಮತ್ತು ಕಾರಣ

ಎರಡು ಆಯುಧಗಳ ಈ ತಿಳಿವಳಿಕೆಯನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಮುಖ್ಯ ಸಂಗತಿ ಹೊರಪಡುತ್ತದೆ. ಕೇಪಿನ ಕೋವಿಯ ಪರಂಪರೆಯು ಗುಂಡನ್ನು ಬಲವಾಗಿ ಒಳಕ್ಕೆ ಜಡಿಯಿರಿ ಎನ್ನುತ್ತದೆ. ಪಿಸ್ತೂಲಿನ ಶಾಸ್ತ್ರವು ಗುಂಡು ಒಳಕ್ಕೆ ಹೋಗಕೂಡದು ಎನ್ನುತ್ತದೆ. ಸೂತ್ರವನ್ನಷ್ಟೇ ಕಂಠಪಾಠ ಮಾಡಿದವನಿಗೆ ಇವೆರಡೂ ಒಂದಕ್ಕೊಂದು ವಿರೋಧ. ಹಳೆಯ ಕೋವಿಯಲ್ಲಿ ಕೈ ಪಳಗಿದವನು ತುಸು ಕುಸಿದ ಗುಂಡನ್ನು ಕಂಡು, ಬಿಗಿಯಾಗಿ ಕೂತಿದೆಯೆಂದು ನೆಮ್ಮದಿ ಪಡುವ ಅಪಾಯವೂ ಇದೆ. ಕಾರಣವನ್ನು ಅರಿತವನಿಗೆ ಮಾತ್ರ ಎರಡೂ ಒಂದೇ ನಿಯಮದ ಎರಡು ಮುಖಗಳೆಂದು ತಿಳಿಯುತ್ತದೆ. ಮದ್ದಿಗೆ ಎಷ್ಟು ಜಾಗವನ್ನು ಗೊತ್ತುಮಾಡಿದೆಯೋ ಅಷ್ಟೇ ಜಾಗವಿರಬೇಕು, ಹೆಚ್ಚೂ ಸಲ್ಲದು ಕಡಿಮೆಯೂ ಸಲ್ಲದು ಎಂಬುದೇ ಆ ನಿಯಮ.

ಮದ್ದಿನ ವಿಷಯದಲ್ಲಿಯೂ ಇದೇ ಮಾತು. ಕರಿಮದ್ದಿಗೆ ಬೆರಳಿನ ಅಳತೆ ಸಾಕಾಗುತ್ತಿತ್ತು. ತೋಟಾದಿಂದ ಬಿಚ್ಚಿ ತೆಗೆದ ಹೊಗೆಯಿಲ್ಲದ ಮದ್ದನ್ನು ಅದೇ ಅಳತೆಯಲ್ಲಿ ಕೇಪಿನ ಕೋವಿಗೆ ತುಂಬಿದರೆ ನಳಿಗೆ ಚೂರಾಗುವುದು ನಿಶ್ಚಿತ. ಎರಡಕ್ಕೂ ಜನರ ಬಾಯಲ್ಲಿ ಮದ್ದು ಎಂಬ ಒಂದೇ ಹೆಸರಿದೆ. ಹೆಸರು ಒಂದಾಗಿ ಸ್ವಭಾವ ಬೇರೆಯಾದಾಗ ಪರಂಪರೆಯ ಅಳತೆಯು ಕಾಪಾಡುವ ಬದಲು ಕೊಲ್ಲುತ್ತದೆ.

ದೇಶೀ ಜ್ಞಾನವನ್ನು ಕುರಿತ ಚರ್ಚೆಗಳಲ್ಲಿ ಎರಡು ಅತಿರೇಕಗಳು ಕಂಡುಬರುತ್ತವೆ. ಒಂದು ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು, ಇನ್ನೊಂದು ಎಲ್ಲ ಕಾಲಕ್ಕೂ ಸಲ್ಲುವ ಸತ್ಯವೆಂದು ಕೊಂಡಾಡುವುದು. ಗಜದ ಅಳತೆ ಇವೆರಡನ್ನೂ ಅಲ್ಲಗಳೆಯುತ್ತದೆ. ಅದು ಅನುಭವದಿಂದ ಪರೀಕ್ಷೆಗೊಳಗಾದ ನಿಖರ ಜ್ಞಾನ, ಆದ್ದರಿಂದ ಮೂಢನಂಬಿಕೆಯಲ್ಲ. ಒಂದು ನಿರ್ದಿಷ್ಟ ಆಯುಧಕ್ಕೆ, ಒಂದು ನಿರ್ದಿಷ್ಟ ಮದ್ದಿಗೆ ಮಾತ್ರ ಸಲ್ಲುವ ಜ್ಞಾನ, ಆದ್ದರಿಂದ ಸಾರ್ವಕಾಲಿಕವೂ ಅಲ್ಲ. ಅದರಿಂದ ಇಂದಿಗೂ ಉಳಿಸಿಕೊಳ್ಳಬೇಕಾದದ್ದು ಅಳತೆಯನ್ನಲ್ಲ, ಅಳೆಯುವ ಅಭ್ಯಾಸವನ್ನು. ಕಾಣದ್ದನ್ನು ನಂಬದೆ ಗಜ ಇಳಿಸಿ ನೋಡಿದ ಕೈಯ ಎಚ್ಚರವೇ ಇಂದು ಎರಡು ತೋಟಾಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡುವ ಎಚ್ಚರವಾಗಬೇಕು.

ಕೈಲ್‌ಪೊಳ್ದ್ ಮತ್ತು ಆಯುಧಪೂಜೆಗಳಿಗೆ ಈ ದೃಷ್ಟಿಯಿಂದ ಹೊಸ ಅರ್ಥವೊಂದು ಒದಗಬಲ್ಲದು. ಪೂಜೆಯ ಹಿಂದಿನ ದಿನ ಕೋವಿಯ ನಳಿಗೆಯನ್ನು ಒರೆಸುವ ಕೈಗಳು ತೋಟಾಗಳನ್ನೂ ಒಂದೊಂದಾಗಿ ಅಳೆದು, ಗಿಡ್ಡವಾದವನ್ನು ಬೇರ್ಪಡಿಸಿದರೆ ಆಚರಣೆಗೆ ಯಾವ ಲೋಪವೂ ಬಾರದು. ಬದಲಾಗಿ, ಆ ಆಚರಣೆ ಮೊದಲಿನಿಂದ ಮಾಡಿಕೊಂಡು ಬಂದ ಕೆಲಸವೇ ಮುಂದುವರಿದಂತಾಗುತ್ತದೆ. ಆಯುಧಕ್ಕೆ ಹೂವೇರಿಸುವ ಮುನ್ನ ಅದರ ಒಡಲನ್ನು ಅರಿಯಬೇಕೆಂಬುದೇ ಈ ಪರಂಪರೆಯ ತಿರುಳು. ಆ ಅರಿವು ಕೋವಿಯಿಂದ ಪಿಸ್ತೂಲಿಗೂ ದಾಟಬೇಕಾದದ್ದು ಇಂದಿನ ಅಗತ್ಯ.